ಕಕ್ಷೆಯ ಗುಜರಿಗೆ ಗಿರಾಕಿ ಯಾರು?

1984ರ ನವೆಂಬರ್‌ನಲ್ಲಿ ಡಿಸ್ಕವರಿ ಶಟಲ್ ನೌಕೆಯ ಗಗನಯಾತ್ರಿಗಳು ಎರಡು ಉಪಗ್ರಹಗಳನ್ನು ಬಾಹ್ಯಾಕಾಶದಲ್ಲಿ ಹಿಡಿದು ಭೂಮಿಗೆ ತಂದರು. ಪಲಾಪ-ಬಿ2 ಮತ್ತು ವೆಸ್ಟಾರ್-6 ಎಂಬ ಇವು ಅದೇ ವರ್ಷ ಫೆಬ್ರವರಿಯಲ್ಲಿ ರಾಕೆಟ್ ಮೋಟಾರು ಕೈಕೊಟ್ಟು ತಪ್ಪು ಕಕ್ಷೆಯಲ್ಲಿ ಸಿಕ್ಕಿಬಿದ್ದಿದ್ದವು. ರಿಪೇರಿಯಾಗಿ 1990ರಲ್ಲಿ ಎರಡೂ ಮತ್ತೆ ಮೇಲೇರಿದವು. ಬಾಹ್ಯಾಕಾಶದ ಕಸವನ್ನು ಮರುಬಳಸಬಹುದು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು. ಆದರೂ ಅದು ದಂಧೆಯಾಗಿ ಕುದುರಲಿಲ್ಲ. ಶಟಲ್ ಹಾರಾಟದ ಖರ್ಚೇ ವಿಪರೀತವಾಗಿತ್ತು. 1986ರ ಚಾಲೆಂಜರ್ ದುರಂತದ ನಂತರವಂತೂ ಶಟಲ್‌ಗಳು ವಾಣಿಜ್ಯ ಕೆಲಸದಿಂದ ಹಿಂದೆ ಸರಿದವು.

ನಮ್ಮ ಬೀದಿಗಳಲ್ಲಿ ಹಳೇ ಕಬ್ಬಿಣ ಕೊಳ್ಳುವವನು ಒಂದೇ ಗಾಡಿಯಲ್ಲಿ ಹತ್ತು ಮನೆ ಸುತ್ತುತ್ತಾನೆ. ಕಕ್ಷೆಯಲ್ಲಿ ಈ ಸುತ್ತಾಟವೇ ದುಬಾರಿ. ಅಲ್ಲಿ ಪ್ರತಿ ತುಣುಕೂ ಸೆಕೆಂಡಿಗೆ ಸುಮಾರು 7.5 ಕಿ.ಮೀ. ವೇಗದಲ್ಲಿ ತನ್ನದೇ ಓರೆಯ ಹಾದಿಯಲ್ಲಿ ಓಡುತ್ತಿರುತ್ತದೆ. ಒಂದು ಹಾದಿಯಿಂದ 60 ಡಿಗ್ರಿ ಓರೆಯಾದ ಇನ್ನೊಂದಕ್ಕೆ ನೇರವಾಗಿ ಹೊರಳಬೇಕೆಂದರೆ ಎಂಜಿನ್ ಮತ್ತೆ ಅಷ್ಟೇ ವೇಗವನ್ನು, ಅಂದರೆ ಸೆಕೆಂಡಿಗೆ ಇನ್ನೊಂದು 7.5 ಕಿ.ಮೀ.ಯನ್ನು ಒದಗಿಸಬೇಕು. ಅಷ್ಟು ಇಂಧನ ಹೊತ್ತು ಮೇಲೇರುವವರು ಯಾರು?

ಏರಿದರೂ ಮುಟ್ಟಲು ಅನುಮತಿ ಬೇಕು. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಸತ್ತ ಉಪಗ್ರಹಕ್ಕೂ ಒಡೆಯರಿದ್ದಾರೆ. ಮೇಲಾಗಿ, ಉರುಳುತ್ತಿರುವ ವಸ್ತುವನ್ನು ಹಿಡಿಯುವುದು ಸುಲಭವಲ್ಲ. ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ಅಡ್ರಾಸ್-ಜೆ 2024ರಲ್ಲಿ ಮೂರು ಟನ್ನಿನ ಹಳೆಯ ರಾಕೆಟ್ ಹಂತವೊಂದರ 15 ಮೀಟರ್ ಸಮೀಪಕ್ಕೆ ಹೋಯಿತು. ದೊಡ್ಡ ಸಾಧನೆಯೇ. ಆದರೆ ಅದರ ಕೆಲಸ ನೋಡಿ ಬರುವುದಷ್ಟೇ ಆಗಿತ್ತು. ಇನ್ನು ಅಲ್ಯೂಮಿನಿಯಂ, ಕಾರ್ಬನ್ ನಾರು, ಅಂಟು ಎಲ್ಲ ಬೆಸೆದುಕೊಂಡಿರುವ ಈ ಮಾಲನ್ನು ಅಲ್ಲೇ ಕರಗಿಸಿ ಹೊಸತು ಮಾಡುವ ಮಾತು ಸದ್ಯಕ್ಕೆ ಕಾಗದದ ಮೇಲಷ್ಟೇ ಚೆಂದ.

ನನಗೆ ಹೆಚ್ಚು ಪ್ರಾಯೋಗಿಕವಾಗಿ ಕಾಣುವುದು ಇಸ್ರೋದ ಪೋಯೆಮ್. ಉಪಗ್ರಹವನ್ನು ಕಕ್ಷೆಗೆ ಬಿಟ್ಟ ಮೇಲೆ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತ ಬರೀ ಕಸ. 2001ರಲ್ಲಂತೂ ಅಂಥದೊಂದು ಹಂತ ಕಕ್ಷೆಯಲ್ಲೇ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಗಿತ್ತು. ಈಗ ಅದೇ ಹಂತಕ್ಕೆ ಸೌರಫಲಕ, ದಿಕ್ಕು ಹಿಡಿಯುವ ವ್ಯವಸ್ಥೆ ಜೋಡಿಸಿ ಪ್ರಯೋಗಾಲಯ ಮಾಡುತ್ತಾರೆ; ಅದೇ ಪೋಯೆಮ್. ಪೋಯೆಮ್-4ರಲ್ಲಿ ಅಲಸಂದೆ ಬೀಜ ಮೊಳೆತು ಎಲೆಯೂ ಬಿಟ್ಟಿತು! 2024ರ ಜನವರಿ 1ರಂದು ಹಾರಿದ ಪೋಯೆಮ್-3ರದು ಇನ್ನೂ ಅಚ್ಚುಕಟ್ಟು. 650 ಕಿ.ಮೀ. ಎತ್ತರದಲ್ಲಿ ಉಪಗ್ರಹ ಬಿಟ್ಟ ಹಂತವನ್ನು 350 ಕಿ.ಮೀ.ಗೆ ಇಳಿಸಿ, ಸಿಡಿಯದಂತೆ ಉಳಿದ ಇಂಧನವನ್ನು ಹೊರಚೆಲ್ಲಿದರು. ಅಲ್ಲಿನ ತೆಳುಗಾಳಿಯ ಘರ್ಷಣೆಯೇ ಅದನ್ನು ಕೆಳಗೆಳೆದು, ಮಾರ್ಚ್ 21ರಂದು ಉತ್ತರ ಪೆಸಿಫಿಕ್‌ಗೆ ಕೆಡವಿತು. ಮೇಲೇ ಬಿಟ್ಟಿದ್ದರೆ ದಶಕಗಳೇ ಹಿಡಿಯುತ್ತಿತ್ತು.

ಹಳೆಯ ಪಾಪಕ್ಕೆ ಮಾತ್ರ ಇದು ಮದ್ದಲ್ಲ. ಸುಮಾರು 800 ಕಿ.ಮೀ. ಎತ್ತರದಲ್ಲಿ ಸೋವಿಯತ್ ಕಾಲದಿಂದ ಉಳಿದ ಝೆನಿಟ್ ರಾಕೆಟ್ಟಿನ ಹಂತಗಳಿವೆ, ಒಂದೊಂದೂ ಸುಮಾರು ಒಂಬತ್ತು ಟನ್. ಎರಡು ಡಿಕ್ಕಿಯಾದರೆ ಸಾವಿರಾರು ಹೊಸ ಚೂರು. ಅಂಥವನ್ನು ಒಂದೊಂದಾಗಿ ಹಿಡಿದೇ ಇಳಿಸಬೇಕು. ನೂರು ಕಿಲೋ ಆಸುಪಾಸಿನ ಒಂದೇ ವಸ್ತುವನ್ನು ಇಳಿಸಲು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕ್ಲಿಯರ್‌ಸ್ಪೇಸ್ ಕಂಪನಿಗೆ ಕೊಡಲು ಒಪ್ಪಿದ್ದು 8.6 ಕೋಟಿ ಯೂರೊ.