ಕೈಗಡದ ಲೆಕ್ಕ: ಸಂಕೋಚ ಬೇಡ, ಸೌಜನ್ಯವಿರಲಿ

ತುಮಕೂರು: ‘ಮುಂದಿನ ತಿಂಗಳು ಕೊಡುತ್ತೇನೆ’ ಎಂಬ ಮಾತನ್ನು ನಂಬಿ ಗೆಳೆಯನಿಗೆ ಹಣ ಕೊಟ್ಟು, ಆ ತಿಂಗಳು ಕಳೆದ ಬಳಿಕ ವಾಪಸು ಕೇಳಲು ನಾಲಿಗೆ ಏಳದೆ ಚಡಪಡಿಸುವವರು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಹಣ ಪಡೆದವರಿಗೂ ಎದುರು ಸಿಕ್ಕರೆ ಮುಜುಗರ. ಕ್ರಮೇಣ ಭೇಟಿ ಕಡಿಮೆಯಾಗುತ್ತದೆ, ದೂರವಾಣಿ ಕರೆ ನಿಲ್ಲುತ್ತದೆ. ಮೊತ್ತ ಸಣ್ಣದಿದ್ದರೂ ವರ್ಷಗಳ ಸ್ನೇಹ ಹೀಗೆ ಕಳಚಿ ಬೀಳುತ್ತದೆ.

ಇಂತಹ ಪ್ರಸಂಗಗಳಲ್ಲಿ ಸ್ನೇಹವನ್ನು ಕೆಡಿಸುವುದು ಬಹುಪಾಲು ಹಣವಲ್ಲ, ಹಣ ಕೈಬದಲಾಗುವಾಗ ಆಡಬೇಕಾದ ಎರಡು ಮಾತುಗಳನ್ನು ದಾಕ್ಷಿಣ್ಯಕ್ಕೆ ಒಳಗಾಗಿ ಆಡದೆ ಬಿಡುವುದು. ಎಷ್ಟು ಹಣ, ಯಾವಾಗ ವಾಪಸು ಎಂಬುದೇ ಆ ಎರಡು ಮಾತು.

ಬರೆದಿಡುವುದು ಅವಮಾನವಲ್ಲ

ಸ್ನೇಹಿತರ ನಡುವೆ ಲೆಕ್ಕ ಬರೆದರೆ ಅಪನಂಬಿಕೆ ತೋರಿದಂತೆ ಎಂಬ ಭಾವನೆ ನಗರಗಳಲ್ಲಿ ವ್ಯಾಪಕವಾಗಿದೆ. ಆದರೆ ಹಳೆ ಮೈಸೂರು ಭಾಗದ ಗ್ರಾಮೀಣ ಸಂಪ್ರದಾಯ ಇದಕ್ಕೆ ವ್ಯತಿರಿಕ್ತವಾಗಿದೆ. ಮದುವೆ ಮನೆಯಲ್ಲಿ ಬಂಧುಮಿತ್ರರು ಕೊಡುವ ಮುಯ್ಯಿಯನ್ನು ಹೆಸರು, ಊರು, ಮೊತ್ತದ ಸಮೇತ ಪುಸ್ತಕದಲ್ಲಿ ಎಲ್ಲರ ಎದುರೇ ಬರೆದುಕೊಳ್ಳುವುದು ಇಲ್ಲಿನ ರೂಢಿ. ಮುಯ್ಯಿ ಮಾಡಿದವರ ಮನೆಯಲ್ಲಿ ಶುಭಕಾರ್ಯ ನಡೆದಾಗ ಆ ಪುಸ್ತಕ ತೆರೆದು ನೋಡಿ, ಅಷ್ಟನ್ನು ಅಥವಾ ತುಸು ಹೆಚ್ಚನ್ನು ಹಿಂದಿರುಗಿಸಲಾಗುತ್ತದೆ. ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬಂದು ತುಮಕೂರಿನಲ್ಲಿ ನೆಲೆಸಿದವರಿಗೆ ಇದು ಹೊಸ ಸಂಗತಿಯಲ್ಲ. ರಾಗಿ ಕೊಯ್ಲಿಗೆ ಒಂದು ಮನೆಯವರು ಇನ್ನೊಂದು ಮನೆಯ ಹೊಲಕ್ಕೆ ದುಡಿಯಲು ಹೋಗುವ ಮುಯ್ಯಾಳು ಪದ್ಧತಿಯಲ್ಲಿಯೂ ಬಂದ ಆಳಿಗೆ ಬದಲಿ ಆಳು ಹೋಗಲೇಬೇಕು. ಲೆಕ್ಕ ಸ್ಪಷ್ಟವಾಗಿರುವ ಕಾರಣಕ್ಕೇ ಈ ಕೊಡುಕೊಳ್ಳುವಿಕೆ ತಲೆಮಾರುಗಳ ಕಾಲ ಬಾಂಧವ್ಯ ಕೆಡದಂತೆ ನಡೆದುಬಂದಿದೆ.

ಕೈಗಡಕ್ಕೂ ಇದೇ ನೀತಿ ಅನ್ವಯಿಸಬಹುದು. ಹಣ ಕೊಟ್ಟ ದಿನವೇ ‘ಇಂದು 15,000 ರೂಪಾಯಿ ಕಳುಹಿಸಿದ್ದೇನೆ, ಯುಗಾದಿಯ ಹೊತ್ತಿಗೆ ಎಂದು ಮಾತಾಗಿದೆ’ ಎಂಬ ಒಂದು ಸಂದೇಶ ಸಾಕು. ಅದನ್ನು ಸಾಲ ಪಡೆದವರೇ ಮೊದಲು ಕಳುಹಿಸಿದರೆ ಇನ್ನೂ ಶೋಭೆ. ವಾಪಸಾತಿಯ ದಿನ ಪಡೆದವರ ಆದಾಯಕ್ಕೆ ಹೊಂದಿಕೊಂಡಿರುವುದು ಮುಖ್ಯ. ಸಂಬಳದಾರರಿಗೆ ತಿಂಗಳ ಮೊದಲ ವಾರ ಅನುಕೂಲವಾದರೆ, ಗುಬ್ಬಿಯ ಅಡಿಕೆ ಬೆಳೆಗಾರರಿಗೆ ಕೈಯಲ್ಲಿ ಹಣ ಓಡಾಡುವುದು ಫಸಲು ಮಾರಾಟವಾದ ನಂತರವೇ.

ಕಾನೂನು ಹೇಳುವುದೇನು?

ದಾಕ್ಷಿಣ್ಯಕ್ಕೆ ಕಾನೂನಿನಲ್ಲಿ ರಿಯಾಯಿತಿ ಇಲ್ಲ. 1963ರ ಕಾಲಮಿತಿ ಕಾಯ್ದೆಯ ಪ್ರಕಾರ ಸಾಲದ ಹಣಕ್ಕೆ ದಾವೆ ಹೂಡಲು ಇರುವ ಅವಧಿ 3 ವರ್ಷ. ವಾಪಸಾತಿಗೆ ದಿನ ನಿಗದಿಯಾಗದೆ, ಕೇಳಿದಾಗ ಕೊಡತಕ್ಕದ್ದು ಎಂದಿದ್ದರೆ ಈ ಅವಧಿ ಕೇಳಿದ ದಿನದಿಂದಲ್ಲ, ಹಣ ಕೊಟ್ಟ ದಿನದಿಂದಲೇ ಆರಂಭವಾಗುತ್ತದೆ. ಗೆಳೆಯನೆಂದು ಸುಮ್ಮನಿದ್ದವರು ಹಕ್ಕನ್ನೇ ಕಳೆದುಕೊಳ್ಳುವ ಸಂಭವವಿದೆ. ಅವಧಿ ಮುಗಿಯುವ ಮುನ್ನ ಸಾಲಗಾರರು ಬಾಕಿಯನ್ನು ಬರವಣಿಗೆಯಲ್ಲಿ ಒಪ್ಪಿ ಸಹಿ ಹಾಕಿದರೆ, ಅಂದಿನಿಂದ ಹೊಸದಾಗಿ 3 ವರ್ಷ ದೊರೆಯುತ್ತದೆ.

ಆದಾಯ ತೆರಿಗೆ ಕಾನೂನಿನಂತೆ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವಂತಿಲ್ಲ. ಹಳೆಯ ಬಾಕಿಯೂ ಈ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಉಲ್ಲಂಘಿಸಿದರೆ ಪಡೆದ ಮೊತ್ತದಷ್ಟೇ ದಂಡ ಬೀಳಬಹುದು. ಇಬ್ಬರದೂ ಕೃಷಿ ಆದಾಯವಾಗಿದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ವರಮಾನ ಇಲ್ಲದಿದ್ದರೆ ವಿನಾಯಿತಿ ಉಂಟು. ಬ್ಯಾಂಕ್ ಮೂಲಕ ಕಳುಹಿಸಿದರೆ ದಾಖಲೆಯೂ ತಾನಾಗಿ ಉಳಿಯುತ್ತದೆ.

ಜಾಮೀನಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. 1872ರ ಕರಾರು ಕಾಯ್ದೆಯಂತೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ‘ಬರೀ ಒಂದು ಸಹಿ’ ಎಂದು ಗೆಳೆಯ ಕೇಳಿದರೂ ಅದು ಪೂರ್ತಿ ಸಾಲದ ಸಹಿ ಎಂಬುದು ನೆನಪಿರಬೇಕು.

ಕೇಳುವ, ನಿರಾಕರಿಸುವ ರೀತಿ

ಕೊಟ್ಟ ಹಣವನ್ನು ಕೇಳುವಾಗ ಮೂರನೆಯವರ ಎದುರು ಪ್ರಸ್ತಾಪಿಸಬಾರದು. ಸ್ನೇಹಿತರ ವಾಟ್ಸ್‌ಆ್ಯಪ್ ಗುಂಪಿನಲ್ಲಂತೂ ಕೂಡದು. ಸುತ್ತಿಬಳಸಿ ಚುಚ್ಚುವುದಕ್ಕಿಂತ ‘ಇದೇ 10ರಂದು ನನಗೆ ಆ ಹಣ ಬೇಕಾಗುತ್ತದೆ, ಪೂರ್ತಿ ಆಗದಿದ್ದರೆ ಎಷ್ಟು ಸಾಧ್ಯ ಹೇಳು’ ಎಂದು ನೇರವಾಗಿ ಕೇಳುವುದು ಗೌರವದ ದಾರಿ. ಕಂತಿಗೆ ಅವಕಾಶ ಕೊಟ್ಟರೆ ಪಡೆದವರು ತಲೆಮರೆಸಿಕೊಳ್ಳುವ ಪ್ರಮೇಯವೂ ತಪ್ಪುತ್ತದೆ.

ಕೊಡಲಾಗದಿದ್ದರೆ ಅಂದೇ ಹೇಳುವುದು ಲೇಸು. ‘ನೋಡೋಣ’ ಎಂದು ವಾರಗಟ್ಟಲೆ ಕಾಯಿಸಿದರೆ ಗೆಳೆಯನಿಗೆ ಬೇರೆ ದಾರಿ ಹುಡುಕುವ ಸಮಯವೂ ಕೈತಪ್ಪುತ್ತದೆ. ‘ಕೇಳಿದ 30,000 ಆಗದು, 5,000 ಕೊಡಬಲ್ಲೆ, ಅದನ್ನು ಹಿಂದಿರುಗಿಸುವುದು ಬೇಡ’ ಎನ್ನುವುದೂ ಒಂದು ಸಭ್ಯ ಮಾರ್ಗ.

ಸಾಲ ಪಡೆದವರ ಸೌಜನ್ಯ ಒಂದೇ: ಗಡುವು ತಪ್ಪುವಂತಿದ್ದರೆ ಗೆಳೆಯ ಕೇಳುವ ಮೊದಲೇ ತಿಳಿಸಬೇಕು. ಹಣ ತಡವಾಗಿದ್ದನ್ನು ಸ್ನೇಹಿತರು ಕ್ಷಮಿಸುತ್ತಾರೆ; ತಲೆ ತಪ್ಪಿಸಿಕೊಂಡು ತಿರುಗಿದ್ದನ್ನು ಮರೆಯುವುದು ಕಷ್ಟ.