ಹೂದಾನಿಯ ಲಿಲ್ಲಿ, ಪಾರ್ಕಿಂಗಿನ ಬೆಕ್ಕು

ಒಂದು ಚಿಟಿಕೆ ಪರಾಗ, ಅಷ್ಟೇ! ಲಿಲ್ಲಿ ಹೂವಿನ ಕೇಸರದ ತುದಿಯಲ್ಲಿ ತೂಗಾಡುವ, ಅಂಗಿಗೆ ತಾಗಿದರೆ ಕಲೆ ಹೋಗದ ಆ ಕಿತ್ತಳೆ ಪುಡಿ ಬೆಕ್ಕಿನ ಮೈಗೆ ಅಂಟಿ, ಅದು ತನ್ನ ರೂಢಿಯಂತೆ ಮೈ ನೆಕ್ಕಿಕೊಂಡರೆ, ಎರಡು ಮೂರು ದಿನದಲ್ಲಿ ಕಿಡ್ನಿ ಕೈಕೊಡಬಹುದು. ಹೂದಾನಿಯ ನೀರು ಕುಡಿದರೂ ಅದೇ ಅಪಾಯ. ನಾಯಿ ಅದೇ ಹೂವನ್ನು ತಿಂದರೆ ಹೊಟ್ಟೆ ಕೆಟ್ಟು ವಾಂತಿಯಾಗುತ್ತದೆ, ಕಿಡ್ನಿಗೆ ಏನೂ ಆಗುವುದಿಲ್ಲ. ಬೆಕ್ಕನ್ನು ಕೊಲ್ಲುವ ಆ ವಿಷ ಯಾವುದೆಂದು ವಿಜ್ಞಾನ ಇವತ್ತಿಗೂ ಪತ್ತೆ ಹಚ್ಚಿಲ್ಲ!

ಪುಣೆಯ ಖರಾಡಿಯಲ್ಲಿ, ಇಯಾನ್ ಐಟಿ ಪಾರ್ಕಿನ ಸುತ್ತಲ ಸೊಸೈಟಿಗಳಲ್ಲಿ ಹುಬ್ಬಳ್ಳಿ, ಬೆಳಗಾವಿಯ ಕಡೆಯಿಂದ ಬಂದವರೂ ಇದ್ದಾರೆ. ಅವರು ಹಾಕುವ ಹಾಲು-ಮೀನಿಗೆ ಕಾಯುವ ಪಾರ್ಕಿಂಗಿನ ಬೆಕ್ಕುಗಳೂ ಇವೆ. ಹುಟ್ಟುಹಬ್ಬ ಮುಗಿದ ಮೇಲೆ ಕಸದ ಡಬ್ಬಿಯ ಪಕ್ಕ ಬೀಳುವ ಬೊಕೆಯಲ್ಲಿ ಲಿಲ್ಲಿ ಇದ್ದರೆ, ಅದನ್ನು ಮೊದಲು ಮೂಸುವುದು ಇವೇ.

ಇನ್ನು ಗಿಡಗಳು! ಕುಂಡದ ಡೀಫೆನ್‌ಬೇಕಿಯಾ ಎಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೈ ಜುಂ ಎನ್ನುತ್ತದೆ. ಕೆಲವು ಕೋಶಗಳೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಬತ್ತಳಿಕೆಯ ಬಾಣಗಳಂತೆ ಕಟ್ಟುಕಟ್ಟಾಗಿವೆ. ಹಲ್ಲು ತಾಗಿ ಕೋಶ ಒಡೆದದ್ದೇ ತಡ, ಸೂಜಿಗಳು ಚಿಮ್ಮಿ ನಾಲಿಗೆಗೆ, ಒಸಡಿಗೆ ನಾಟುತ್ತವೆ. ಬೆಕ್ಕು ಜೊಲ್ಲು ಸುರಿಸುತ್ತ ಪಂಜದಿಂದ ಬಾಯಿ ಉಜ್ಜಿಕೊಳ್ಳುತ್ತದೆ. ರಸ್ತೆ ಡಿವೈಡರಿನ ಕಣಗಿಲೆ ಹೃದಯದ ಬಡಿತವನ್ನೇ ಏರುಪೇರು ಮಾಡುತ್ತದೆ. ಸೈಕಸ್ ಯಕೃತ್ತನ್ನು ಹಾಳು ಮಾಡುತ್ತದೆ; ಅದರ ಬೀಜವಂತೂ ಎಲೆಗಿಂತ ಘೋರ.

ಬೆಕ್ಕಿನ ಒಡಲಿನ ಕಥೆ ಇದಕ್ಕೂ ವಿಚಿತ್ರ. ಮನುಷ್ಯನ ಯಕೃತ್ತಿನಲ್ಲಿ ಪ್ಯಾರಾಸಿಟಮಾಲಿನಂಥ ವಸ್ತುಗಳನ್ನು ಪಳಗಿಸಿ ಹೊರಗೆ ಕಳಿಸುವ ಒಂದು ಕಿಣ್ವವಿದೆ. ಬೆಕ್ಕಿನಲ್ಲಿ ಅದರ ವಂಶವಾಹಿಯೇ ಕೆಟ್ಟು ಕೂತಿದೆ; ಸಿಂಹದಲ್ಲೂ ಹಾಗೇ! ಮಾಂಸವನ್ನೇ ನೆಚ್ಚಿ ಬದುಕಿದ ಕುಲಕ್ಕೆ ಗಿಡದ ರಾಸಾಯನಿಕಗಳನ್ನು ಎದುರಿಸುವ ಪ್ರಮೇಯವೇ ಬರಲಿಲ್ಲವೇನೋ, ಬೇಡದ ಕಿಣ್ವ ಕೈಬಿಟ್ಟಿತು ಎಂಬುದು ವಿಜ್ಞಾನಿಗಳ ಊಹೆ. ನಾವು ಜ್ವರಕ್ಕೆ ನುಂಗುವ ಒಂದು ಮಾತ್ರೆ ಬೆಕ್ಕಿನ ಪ್ರಾಣ ತೆಗೆಯುವುದು ಇದರಿಂದಲೇ. ಲಿಲ್ಲಿಯ ಗುಟ್ಟೂ ಇಲ್ಲೇ ಇದೆಯೋ, ಬೇರೆಲ್ಲೋ?

ಹಾಗಾಗಿ ಬೊಕೆಯನ್ನು ಹೊರಗೆಸೆಯುವ ಮುನ್ನ ಲಿಲ್ಲಿಯನ್ನು ಚೀಲದಲ್ಲಿ ಕಟ್ಟಿಬಿಡಿ. ಬೆಕ್ಕಿನ ಮೀಸೆಯ ಮೇಲೆ ಕಿತ್ತಳೆ ಪುಡಿ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಿ, ವಾಂತಿಗಾಗಿ ಕಾಯದೆ ಆಗಲೇ ಪಶುವೈದ್ಯರ ಬಳಿ ಒಯ್ಯಿರಿ. ಮೊದಲ 18 ಗಂಟೆಯೊಳಗೆ ಸಲೈನ್ ಹತ್ತಿದರೆ ಹೆಚ್ಚಿನ ಬೆಕ್ಕುಗಳು ಉಳಿಯುತ್ತವೆ. ಮೂತ್ರ ನಿಂತ ಮೇಲೆ ಉಳಿಸುವುದು ಬಲು ಕಷ್ಟ.