ನಿಮಗಿದು ಗೊತ್ತೆ? ಸಹೇಲ್‌ನಲ್ಲಿ ಮೂರೇ ವರ್ಷ, ಐದು ಕ್ಷಿಪ್ರಕ್ರಾಂತಿ

ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಹೇಲ್ ಪ್ರದೇಶದ ಮಾಲಿ, ಬುರ್ಕಿನಾ ಫಾಸೊ ಮತ್ತು ನೈಜರ್‌ ದೇಶಗಳಲ್ಲಿ 2020ರ ಆಗಸ್ಟ್‌ನಿಂದ 2023ರ ಜುಲೈ ನಡುವೆ ಐದು ಸಲ ಸೇನೆ ಅಧಿಕಾರ ಕಿತ್ತುಕೊಂಡಿತು. ಉಗ್ರರನ್ನು ಮಟ್ಟಹಾಕಲು ಸರ್ಕಾರಕ್ಕೆ ಆಗುತ್ತಿಲ್ಲ ಎಂಬುದು ದಂಗೆಕೋರರ ಮುಖ್ಯ ಸಮರ್ಥನೆ. ಅಧಿಕಾರ ಹಿಡಿದ ಮೇಲೆ ಅವರಿಂದಲೂ ಆಗಲಿಲ್ಲ, ಆ ಮಾತು ಬೇರೆ.

ಈ ಉಗ್ರವಾದದ ಬೆಂಕಿಗೆ ತುಪ್ಪ ಸುರಿದದ್ದು ಲಿಬಿಯಾ. 2011ರಲ್ಲಿ ಅಲ್ಲಿನ ಸರ್ವಾಧಿಕಾರಿ ಗಡಾಫಿ ಆಡಳಿತ ಕುಸಿದಾಗ, ಅವರ ಸೇನೆಯಲ್ಲಿದ್ದ ತುವಾರೆಗ್ ಜನಾಂಗದ ಯೋಧರು ಬಂದೂಕು ಸಮೇತ ಉತ್ತರ ಮಾಲಿಗೆ ಮರಳಿದರು. 2012ರಲ್ಲಿ ಅವರು ಗೆದ್ದ ಪಟ್ಟಣಗಳನ್ನು ಅಲ್‌ಕೈದಾ ನಂಟಿನ ಗುಂಪುಗಳು ಕೆಲವೇ ತಿಂಗಳಲ್ಲಿ ಕಸಿದುಕೊಂಡವು. ಮಾಲಿಯ ಟಿಂಬಕ್ಟುವಿನಲ್ಲಿ ಮುಸ್ಲಿಂ ಸಂತರ ಗೋರಿಗಳನ್ನೇ ಒಡೆದುಹಾಕಿದವು. ಅದೇ ಊರಿನ ಜನ ಶತಮಾನಗಳಷ್ಟು ಹಳೆಯ ಹಸ್ತಪ್ರತಿಗಳನ್ನು ತಗಡಿನ ಟ್ರಂಕುಗಳಲ್ಲಿ ತುಂಬಿ, ಕಣ್ತಪ್ಪಿಸಿ ರಾಜಧಾನಿ ಬಮಾಕೊಗೆ ಸಾಗಿಸಿದರು. ಗೋರಿ ಒಡೆಸಿದ ಅಹ್ಮದ್ ಅಲ್ ಮಹದಿಗೆ 2016ರಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 9 ವರ್ಷ ಜೈಲು ವಿಧಿಸಿತು.

2013ರಲ್ಲಿ ಫ್ರೆಂಚ್ ಸೇನೆ ಪಟ್ಟಣಗಳಿಂದ ಓಡಿಸಿದಾಗ ಉಗ್ರರು ಹಳ್ಳಿಗಳಿಗೆ ಇಳಿದರು. ದನಗಾಹಿಗಳಿಗೂ ರೈತರಿಗೂ ಹುಲ್ಲು, ನೀರು, ಜಮೀನಿಗಾಗಿ ಇದ್ದ ಹಳೇ ಜಗಳಗಳು ಅವರಿಗೆ ಅನುಕೂಲವಾದವು. 2017ರಲ್ಲಿ ಅಲ್‌ಕೈದಾ ನಂಟಿನ ಹಲವು ಗುಂಪುಗಳು ಸೇರಿ ‘ಜೆಎನ್‌ಐಎಂ’ ಹುಟ್ಟಿತು. ಇಸ್ಲಾಮಿಕ್ ಸ್ಟೇಟ್ (ಐಎಸ್) ಶಾಖೆ ಬೇರೆ ಇದೆ, ಎರಡಕ್ಕೂ ಪರಸ್ಪರ ಆಗದು. ಹಾವಳಿ ಈಗ ಬೆನಿನ್, ಟೋಗೊ ದೇಶಗಳ ಉತ್ತರ ಭಾಗಕ್ಕೂ ಹಬ್ಬಿದೆ.

ಕ್ಷಿಪ್ರಕ್ರಾಂತಿಗಳ ಬಳಿಕ ಫ್ರೆಂಚ್ ಪಡೆಗಳು 2023ರ ಅಂತ್ಯಕ್ಕೆ ಮೂರೂ ದೇಶ ಬಿಟ್ಟವು. ಆಮೇಲೆ ಉಗ್ರರ ಕಣ್ಣು ಮಾಲಿಯ ಇಂಧನದ ಮೇಲೆ ಬಿತ್ತು. ಮಾಲಿಗೆ ಕಡಲ ತೀರವಿಲ್ಲ. ಪೆಟ್ರೋಲ್, ಡೀಸೆಲ್ ಬರುವುದು ನೆರೆ ದೇಶಗಳಿಂದ ಟ್ಯಾಂಕರ್‌ಗಳಲ್ಲಿ. 2025ರಲ್ಲಿ ಜೆಎನ್‌ಐಎಂ ಆ ಟ್ಯಾಂಕರ್‌ಗಳನ್ನೇ ಸುಡತೊಡಗಿತು. ಇಂಧನವಿಲ್ಲದೆ ಅಕ್ಟೋಬರ್ ಕೊನೆಗೆ ದೇಶದ ಶಾಲೆ, ವಿಶ್ವವಿದ್ಯಾಲಯಗಳಿಗೆ ಎರಡು ವಾರ ರಜೆ ಘೋಷಿಸಬೇಕಾಯಿತು.